ಸ್ಲೈಡು ಕಿವಿಗೂ ಮುಟ್ಟಬೇಕಾದರೆ

ಇಂಟರ್ನಲ್ಸ್ ಹತ್ತಿರ ಬಂತೆಂದರೆ ತರಗತಿಯ ವಾಟ್ಸ್‌ಆ್ಯಪ್ ಗ್ರೂಪಿಗೆ ಪಿಪಿಟಿಗಳು ಒಂದರ ಹಿಂದೊಂದು ಬಂದು ಬೀಳುತ್ತವೆ. ‘ಇಷ್ಟು ಓದಿಕೊಂಡರೆ ಸಾಕು’ ಎಂಬ ಮೇಷ್ಟ್ರ ಅಭಯವೂ ಜೊತೆಗಿರುತ್ತದೆ. ಕಣ್ಣು ಕಾಣುವ ಹುಡುಗರು ಸಿಟಿ ಬಸ್ಸಿನಲ್ಲಿ ನಿಂತೇ ಒಂದು ಯುನಿಟ್ ಮುಗಿಸುತ್ತಾರೆ. ಅದೇ ತರಗತಿಯ ದೃಷ್ಟಿಯಿಲ್ಲದ ವಿದ್ಯಾರ್ಥಿನಿ ಅದೇ ಫೈಲು ತೆರೆದರೆ ಅವಳ ಲ್ಯಾಪ್‌ಟಾಪಿನ ಸ್ಕ್ರೀನ್ ರೀಡರ್ ಹೇಳುವುದು: ‘ಪಿಕ್ಚರ್ ಐದು. ಟೆಕ್ಸ್ಟ್ ಬಾಕ್ಸ್ ಏಳು. ಪಿಕ್ಚರ್ ಎರಡು.’ ಕನ್ನಡ ವಾಕ್ಯ ಕೇಳಿಸಬೇಕಾದ ಕಡೆ ಪಿ, ಪೌಂಡ್, ಕ್ಯೂ ಎಂಬ ಗೊಣಗಾಟ. ಕೊನೆಗೆ ಗೆಳತಿಗೆ ಫೋನು ಮಾಡಿ ‘ಸ್ವಲ್ಪ ಓದಿ ಹೇಳ್ತೀಯೇನೇ’ ಎಂದು ಕೇಳಬೇಕು. ಗೆಳತಿಗೂ ಮರುದಿನವೇ ಪರೀಕ್ಷೆ.

ಅಂಧರ ಓದಿನ ವಿಷಯದಲ್ಲಿ ನಮ್ಮ ಮೈಸೂರು ಹಿಂದೆ ಬಿದ್ದ ಊರೇನಲ್ಲ. ಕಿವುಡ ಹಾಗೂ ಅಂಧ ಮಕ್ಕಳಿಗೆ ಇಲ್ಲಿ 1901ರಲ್ಲೇ ಶಾಲೆ ಶುರುವಾಗಿತ್ತು. ತಿಲಕನಗರದಲ್ಲಿ ಸರ್ಕಾರಿ ಬ್ರೈಲ್ ಮುದ್ರಣಾಲಯವೂ ಇದೆ. ಶಾಲೆಯ ಪಠ್ಯಪುಸ್ತಕವನ್ನು ಬ್ರೈಲಿಗೆ ಇಳಿಸಲು ಹೀಗೊಂದು ವ್ಯವಸ್ಥೆ ಇದೆ, ಸರಿ. ಆದರೆ ಪದವಿ ತರಗತಿಗೆ ಬಂದವರಿಗೆ ಪಠ್ಯವೆಂದರೆ ಬಹುಪಾಲು ಮೇಷ್ಟ್ರ ಸ್ಲೈಡುಗಳೇ. ಅವನ್ನು ಯಾವ ಮುದ್ರಣಾಲಯವೂ ಕೈಗೆತ್ತಿಕೊಳ್ಳುವುದಿಲ್ಲ. ಸ್ಲೈಡು ಮಾಡುವವರೇ ಈಗ ಪ್ರಕಾಶಕರು. ಅವರು ಮಾಡಿದ ಹಾಗೆ ಓದುಗರಿಗೆ ಸಿಗುತ್ತದೆ, ಇಲ್ಲವೇ ಸಿಗುವುದಿಲ್ಲ. ಕಚೇರಿಯ ತರಬೇತಿ, ಬ್ಯಾಂಕಿನ ಕಾರ್ಯಾಗಾರ, ವಿಚಾರ ಸಂಕಿರಣ ಎಲ್ಲದಕ್ಕೂ ಇದೇ ಮಾತು.

ಕಾನೂನಿನ ಕಡೆಯಿಂದ ಹೇಳುವುದಾದರೆ, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 42ನೇ ಸೆಕ್ಷನ್ ಎಲೆಕ್ಟ್ರಾನಿಕ್ ರೂಪದ ವಿಷಯ ಎಲ್ಲರ ಬಳಕೆಗೂ ಒದಗುವಂತಿರಬೇಕು ಎನ್ನುತ್ತದೆ. ಡಿಜಿಟಲ್ ಸೌಲಭ್ಯ ಎಟಕುವುದು ಸಂವಿಧಾನದ 21ನೇ ವಿಧಿ ಕೊಡುವ ಜೀವಿಸುವ ಹಕ್ಕಿನದೇ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ತೀರ್ಪು ಕೊಟ್ಟಿದೆ. ಇಲ್ಲಿ ಕಾನೂನಿಗಿಂತ ಕೀಬೋರ್ಡಿನ ಕೆಲಸವೇ ಹೆಚ್ಚು, ಆ ಕಡೆಗೆ ಹೋಗೋಣ.

ಸ್ಕ್ರೀನ್ ರೀಡರ್ ಓದುವುದು ಏನನ್ನು?

ವಿಂಡೋಸ್ ಕಂಪ್ಯೂಟರಿನಲ್ಲಿ ನಮ್ಮವರು ಹೆಚ್ಚಾಗಿ ಬಳಸುವುದು ಎನ್‌ವಿಡಿಎ. ಸ್ವತಃ ಅಂಧರಾದ ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಶುರು ಮಾಡಿದ ಉಚಿತ ತಂತ್ರಾಂಶ ಅದು. ಹಣ ಕೊಟ್ಟು ಕೊಳ್ಳಬೇಕಾದ ಜಾಸ್ ಅದಕ್ಕಿಂತ ಹಳೆಯದು. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್, ಐಫೋನಿನಲ್ಲಿ ವಾಯ್ಸ್‌ಓವರ್ ಮೊದಲೇ ಕೂತಿರುತ್ತವೆ.

ಇವು ಪರದೆಯನ್ನು ನೋಡಿ ಓದುತ್ತವೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಸ್ಕ್ರೀನ್ ರೀಡರ್ ಪವರ್‌ಪಾಯಿಂಟ್ ತಂತ್ರಾಂಶವನ್ನೇ ವಿಚಾರಿಸುತ್ತದೆ: ಈ ಸ್ಲೈಡಿನಲ್ಲಿ ಏನೇನು ವಸ್ತುಗಳಿವೆ, ಇದು ಶೀರ್ಷಿಕೆಯೋ ಚಿತ್ರವೋ ಕೋಷ್ಟಕವೋ, ಇದರೊಳಗಿನ ಅಕ್ಷರಗಳು ಯಾವುವು, ಯಾವುದರ ನಂತರ ಯಾವುದು. ಪವರ್‌ಪಾಯಿಂಟ್ ಕೊಟ್ಟ ಉತ್ತರವನ್ನು ಮಾತಾಗಿಸುತ್ತದೆ, ಅಥವಾ ಬ್ರೈಲ್ ಪಟ್ಟಿಗೆ ಕಳಿಸುತ್ತದೆ. ಹಾಗಾಗಿ ದಪ್ಪ ಅಕ್ಷರದಲ್ಲಿ ಮೇಲೆ ಬರೆದದ್ದನ್ನು ‘ಇದು ಶೀರ್ಷಿಕೆ’ ಎಂದು ಅದು ಊಹಿಸುವುದಿಲ್ಲ. ಎಡಗಡೆಯದು ಮೊದಲು, ಬಲಗಡೆಯದು ಆಮೇಲೆ ಎಂಬುದೂ ಅದಕ್ಕೆ ಗೊತ್ತಿಲ್ಲ. ಚಿತ್ರದೊಳಗೆ ಬರೆದ ಅಕ್ಷರ ಅದರ ಪಾಲಿಗೆ ಅಕ್ಷರವೇ ಅಲ್ಲ. ಕೆಳಗಿನ ಸೂಚನೆಗಳೆಲ್ಲ ಈ ಒಂದು ಸಂಗತಿಯಿಂದಲೇ ಹುಟ್ಟಿದವು. ಇದು ಮನಸ್ಸಿನಲ್ಲಿದ್ದರೆ ಇಲ್ಲಿ ಹೇಳದೆ ಬಿಟ್ಟದ್ದನ್ನೂ ನೀವೇ ಊಹಿಸಿಕೊಳ್ಳಬಹುದು.

1. ಮೊದಲು ಫಾಂಟು ನೋಡಿ

ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಈ ಅಂಶ ಇರುವುದೇ ಇಲ್ಲ, ಏಕೆಂದರೆ ಅವರಿಗೆ ಈ ಕಷ್ಟವಿಲ್ಲ. ಕನ್ನಡದಲ್ಲಿ ಸ್ಲೈಡು ಮಾಡುವವರಿಗೆ ಇದೇ ಹೆಬ್ಬಾಗಿಲು.

ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲಿ ಕನ್ನಡ ಕಾಣುವುದು ಹೊರಗೆ ಮಾತ್ರ. ಕಂಪ್ಯೂಟರಿನ ನೆನಪಿನಲ್ಲಿ ಕೂತಿರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳು. ‘ನುಡಿ 01 ಇ’ ಫಾಂಟಿನಲ್ಲಿ ‘ಕನ್ನಡ’ ಎಂದು ಟೈಪಿಸಿದರೆ ಒಳಗೆ ಉಳಿಯುವುದು ಒಂದು ಪಿ, ನೆತ್ತಿಯ ಮೇಲೆ ಗೀಟು ಹೊತ್ತ ಎ, ಒಂದು ಪೌಂಡ್ ಚಿಹ್ನೆ, ಒಂದು ಜರ್ಮನ್ ಅಕ್ಷರ, ಒಂದು ಕ್ಯೂ. ಫಾಂಟು ಅವುಗಳಿಗೆ ಕನ್ನಡದ ವೇಷ ಹಾಕುತ್ತದೆ. ಸ್ಕ್ರೀನ್ ರೀಡರ್ ವೇಷ ನೋಡುವುದಿಲ್ಲ, ಪಾತ್ರಧಾರಿಯನ್ನೇ ಹೆಸರಿಟ್ಟು ಕರೆಯುತ್ತದೆ. ಯೂನಿಕೋಡ್‌ನಲ್ಲಿ ಹಾಗಲ್ಲ. ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತವಿರುವುದರಿಂದ ಯಾವ ಫಾಂಟು ಹಾಕಿದರೂ ಒಳಗೆ ಕನ್ನಡವೇ ಇರುತ್ತದೆ.

ನಿಮ್ಮ ಫೈಲು ಯಾವ ಜಾತಿಯದು ಎಂದು ತಿಳಿಯಲು ಒಂದು ಸಾಲನ್ನು ನಕಲು ಮಾಡಿ ನೋಟ್‌ಪ್ಯಾಡಿಗೋ ವಾಟ್ಸ್‌ಆ್ಯಪಿಗೋ ಅಂಟಿಸಿ. ಕನ್ನಡವಾಗಿಯೇ ಬಂದರೆ ಯೂನಿಕೋಡ್. ಚಿತ್ರವಿಚಿತ್ರ ಇಂಗ್ಲಿಷ್ ಬಂದರೆ ಹಳೆಯ ಎನ್‌ಕೋಡಿಂಗ್. ಹಳೆಯದಾದರೆ ಪರಿವರ್ತಕ ಬಳಸಿ ಬದಲಾಯಿಸಿ. ನುಡಿ, ಬರಹಗಳಲ್ಲಿ ಈ ಸೌಲಭ್ಯವಿದೆ, ಅಂತರ್ಜಾಲದಲ್ಲಿ ಉಚಿತ ಪರಿವರ್ತಕಗಳೂ ಸಿಗುತ್ತವೆ. ಬದಲಾಯಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು, ಸಾಲಿನ ನಡುವೆ ಬರುವ ಇಂಗ್ಲಿಷ್ ಪದ ಮತ್ತು ಅಂಕಿಗಳನ್ನು ಒಮ್ಮೆ ಓದಿ ನೋಡಿ, ಪರಿವರ್ತಕ ಎಡವುವುದು ಅಲ್ಲೇ. ಹೊಸದಾಗಿ ಟೈಪಿಸುವಾಗ ನಿಮಗೆ ಅಭ್ಯಾಸವಾದ ಕೀಲಿಮಣೆಯನ್ನೇನೂ ಬಿಡಬೇಕಿಲ್ಲ. ನುಡಿಯಲ್ಲೇ ಯೂನಿಕೋಡ್ ಆಯ್ಕೆ ಇದೆ. ಫಾಂಟು ತುಂಗಾ, ನಿರ್ಮಲಾ, ನೋಟೋ ಸಾನ್ಸ್ ಕನ್ನಡ, ಇಲ್ಲವೇ ನುಡಿಯದೇ ಯೂನಿಕೋಡ್ ಫಾಂಟು, ಯಾವುದಾದರೂ ಆದೀತು.

2. ಶೀರ್ಷಿಕೆ ತನ್ನ ಜಾಗದಲ್ಲೇ ಇರಲಿ

ಹೊಸ ಸ್ಲೈಡು ತೆರೆದಾಗ ‘ಕ್ಲಿಕ್ ಟು ಆ್ಯಡ್ ಟೈಟಲ್’ ಎಂಬ ಚೌಕ ಬರುತ್ತದಲ್ಲ, ಅನೇಕರು ಮೊದಲು ಮಾಡುವ ಕೆಲಸ ಅದನ್ನು ಅಳಿಸಿಹಾಕುವುದು. ಆಮೇಲೆ ಬೇಕಾದ ಕಡೆ ಟೆಕ್ಸ್ಟ್ ಬಾಕ್ಸ್ ಎಳೆದು ಬರೆಯುತ್ತಾರೆ. ಕಣ್ಣಿಗೆ ಎರಡಕ್ಕೂ ವ್ಯತ್ಯಾಸವಿಲ್ಲ. ಸ್ಕ್ರೀನ್ ರೀಡರಿಗೆ ಮಾತ್ರ ಮೊದಲನೆಯದು ಶೀರ್ಷಿಕೆ, ಎರಡನೆಯದು ಎಲ್ಲೋ ತೇಲುತ್ತಿರುವ ಒಂದು ಪೆಟ್ಟಿಗೆ.

ನಲವತ್ತು ಸ್ಲೈಡಿನ ಪಾಠದಲ್ಲಿ ಬೇಕಾದ ಸ್ಲೈಡು ಹುಡುಕಲು ನಾವು ಕಣ್ಣಾಡಿಸುತ್ತೇವೆ. ದೃಷ್ಟಿಯಿಲ್ಲದವರು ಶೀರ್ಷಿಕೆಗಳನ್ನು ಒಂದೊಂದಾಗಿ ಕೇಳುತ್ತ ಸರಿಯುತ್ತಾರೆ. ಶೀರ್ಷಿಕೆಯೇ ಇಲ್ಲದಿದ್ದರೆ, ಅಥವಾ ಹತ್ತು ಸ್ಲೈಡಿಗೂ ‘ಮುಂದುವರಿದಿದೆ’ ಎಂದೇ ಇದ್ದರೆ, ಅವರು ಪ್ರತಿ ಸ್ಲೈಡನ್ನೂ ಪೂರ್ತಿ ಕೇಳಬೇಕು. ‘ಮೈಸೂರು ಅರಮನೆ: ಕಟ್ಟಡ’, ‘ಮೈಸೂರು ಅರಮನೆ: ದರ್ಬಾರು’ ಎಂದು ಬೇರೆಬೇರೆ ಹೆಸರು ಕೊಡಿ.

ಹೋಮ್ ಪಟ್ಟಿಯ ‘ಲೇಔಟ್’ ಒತ್ತಿ ಸಿದ್ಧ ವಿನ್ಯಾಸವೊಂದನ್ನು ಆರಿಸಿ, ಅದರ ಚೌಕಗಳೊಳಗೇ ಬರೆಯಿರಿ. ವಿನ್ಯಾಸ ಬದಲಾಯಿಸಬೇಕೆಂದರೆ ‘ಸ್ಲೈಡ್ ಮಾಸ್ಟರ್’ಗೆ ಹೋಗಿ ಒಮ್ಮೆ ಬದಲಾಯಿಸಿದರೆ ಎಲ್ಲ ಸ್ಲೈಡಿಗೂ ಅನ್ವಯವಾಗುತ್ತದೆ. ಸಮಯವೂ ಉಳಿಯುತ್ತದೆ. ಚಿತ್ರವೇ ಇಡೀ ಸ್ಲೈಡು ತುಂಬಿದ್ದು ಶೀರ್ಷಿಕೆ ಕಾಣಿಸುವುದು ಬೇಡವೆನಿಸಿದರೂ ಅದನ್ನು ಅಳಿಸಬೇಡಿ, ಸ್ಲೈಡಿನ ಅಂಚಿನಾಚೆಗೆ ಎಳೆದಿಡಿ. ಪರದೆಯ ಮೇಲೆ ಕಾಣುವುದಿಲ್ಲ, ಕಿವಿಗೆ ಮಾತ್ರ ಬೀಳುತ್ತದೆ.

ಪರೀಕ್ಷಿಸಲು ‘ವ್ಯೂ’ ಪಟ್ಟಿಯಲ್ಲಿ ‘ಔಟ್‌ಲೈನ್ ವ್ಯೂ’ ತೆರೆಯಿರಿ. ಸಿದ್ಧ ಚೌಕಗಳೊಳಗೆ ಬರೆದದ್ದು ಮಾತ್ರ ಅಲ್ಲಿ ಕಾಣಿಸುತ್ತದೆ. ನಿಮ್ಮ ಪಾಠದ ಅರ್ಧಕ್ಕರ್ಧ ಅಲ್ಲಿಲ್ಲವಾದರೆ ಟೆಕ್ಸ್ಟ್ ಬಾಕ್ಸುಗಳ ಹಾವಳಿ ಜಾಸ್ತಿಯಾಗಿದೆ ಎಂದರ್ಥ.

3. ಯಾವುದರ ನಂತರ ಯಾವುದು

ಸ್ಲೈಡಿಗೆ ಯಾವ ವಸ್ತುವನ್ನು ಮೊದಲು ಹಾಕಿದಿರೋ ಸ್ಕ್ರೀನ್ ರೀಡರಿಗೆ ಅದೇ ಮೊದಲು. ಮೊದಲು ಉತ್ತರ ಬರೆದು, ಆಮೇಲೆ ಮೇಲ್ಗಡೆ ಪ್ರಶ್ನೆ ಸೇರಿಸಿದ್ದರೆ ಉತ್ತರವೇ ಮೊದಲು ಕೇಳಿಸುತ್ತದೆ. ಆಲ್ಟ್ ಜೊತೆ ಎಫ್10 ಒತ್ತಿದರೆ ‘ಸೆಲೆಕ್ಷನ್ ಪೇನ್’ ತೆರೆದುಕೊಂಡು ಎಲ್ಲ ವಸ್ತುಗಳ ಪಟ್ಟಿ ಕೊಡುತ್ತದೆ. ಒಂದು ಎಚ್ಚರ: ಈ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಶೀರ್ಷಿಕೆ ತಳದಲ್ಲಿರಬೇಕು, ಕೊನೆಗೆ ಓದಬೇಕಾದದ್ದು ತುದಿಯಲ್ಲಿ. ಮೈಕ್ರೋಸಾಫ್ಟ್ 365 ಇದ್ದವರಿಗೆ ‘ರಿವ್ಯೂ’ ಪಟ್ಟಿಯ ‘ಚೆಕ್ ಆಕ್ಸೆಸಿಬಿಲಿಟಿ’ ಕೆಳಗೆ ‘ರೀಡಿಂಗ್ ಆರ್ಡರ್ ಪೇನ್’ ಕೂಡ ಸಿಗುತ್ತದೆ. ಅದು ಮೇಲಿನಿಂದ ಕೆಳಕ್ಕೇ ಇರುವುದರಿಂದ ತಲೆ ಗೊಂದಲವಾಗುವುದಿಲ್ಲ. ಗೂಗಲ್ ಸ್ಲೈಡ್ಸ್‌ನಲ್ಲಿ ವಸ್ತುಗಳನ್ನು ಹಿಂದೆ-ಮುಂದೆ ಸರಿಸುವ ‘ಅರೇಂಜ್’ ಇದೇ ಕೆಲಸ ಮಾಡುತ್ತದೆ: ಹಿಂದಿರುವುದು ಮೊದಲು.

ಬಾಣ, ವೃತ್ತ, ಗೆರೆಗಳನ್ನು ಸೇರಿಸಿ ಮಾಡಿದ ನಕ್ಷೆಯಾದರೆ ಎಲ್ಲವನ್ನೂ ಒಟ್ಟುಗೂಡಿಸಿ ‘ಗ್ರೂಪ್’ ಮಾಡಿ, ಇಡೀ ಗುಂಪಿಗೆ ಒಂದೇ ವಿವರಣೆ ಕೊಡಿ. ಇಲ್ಲದಿದ್ದರೆ ‘ಬಾಣ, ಬಾಣ, ಆಯತ, ಬಾಣ’ ಎಂದು ಕೇಳಿಸುತ್ತ ಹೋಗುತ್ತದೆ.

4. ಚಿತ್ರಕ್ಕೆ ಮಾತು ಕೊಡಿ

ದಸರಾ ಜಂಬೂಸವಾರಿಯ ವೀಕ್ಷಕ ವಿವರಣೆಯನ್ನು ರೇಡಿಯೊದಲ್ಲಿ ಕೇಳಿದವರಿಗೆ ಚಿತ್ರದ ವಿವರಣೆ ಬರೆಯುವುದನ್ನು ಹೆಚ್ಚಿಗೆ ಕಲಿಸಬೇಕಿಲ್ಲ. ಆನೆ ಎಷ್ಟನೆಯದು, ಮೈಮೇಲೆ ಏನಿದೆ, ಅಂಬಾರಿ ಈಗ ಯಾವ ಕಡೆ ತಿರುಗಿತು ಎಂದು ಒಳ್ಳೆಯ ವಿವರಣಕಾರ ಮುಖ್ಯವಾದದ್ದನ್ನು ಆರಿಸಿ ಹೇಳುತ್ತಾನೆ, ಬೀದಿಯ ಪ್ರತಿ ದೀಪದ ಕಂಬವನ್ನೂ ಎಣಿಸುತ್ತ ಕೂರುವುದಿಲ್ಲ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಬಾನುಲಿ ಕೇಂದ್ರ ಶುರು ಮಾಡಿದ ಮೈಸೂರಿಗೆ ಈ ಕಲೆ ಹೊಸದಾಗಬಾರದು.

ಮಾಡುವ ವಿಧಾನ ಸುಲಭ. ಚಿತ್ರದ ಮೇಲೆ ಬಲ ಕ್ಲಿಕ್ ಮಾಡಿ ‘ಆಲ್ಟ್ ಟೆಕ್ಸ್ಟ್’ ಆರಿಸಿ, ಒಂದೆರಡು ವಾಕ್ಯ ಬರೆಯಿರಿ. ಗೂಗಲ್ ಸ್ಲೈಡ್ಸ್‌ನಲ್ಲಿ ಕಂಟ್ರೋಲ್, ಆಲ್ಟ್, ವೈ ಒಟ್ಟಿಗೆ ಒತ್ತಿದರೆ ಸಾಕು. ಕಷ್ಟವಿರುವುದು ಏನು ಬರೆಯಬೇಕೆಂಬುದರಲ್ಲಿ. ಚಿತ್ರದಲ್ಲಿ ಏನಿದೆ ಎನ್ನುವುದಕ್ಕಿಂತ, ಈ ಸ್ಲೈಡಿನಲ್ಲಿ ಅದು ಏಕಿದೆ ಎಂದು ಕೇಳಿಕೊಂಡರೆ ವಾಕ್ಯ ತಾನಾಗಿ ಬರುತ್ತದೆ.

ಅಂಬಾವಿಲಾಸ ಅರಮನೆಯ ಒಂದೇ ಫೋಟೊವನ್ನು ತೆಗೆದುಕೊಳ್ಳಿ. ವಾಸ್ತುಶಿಲ್ಪದ ತರಗತಿಯಲ್ಲಾದರೆ: ‘ಅರಮನೆಯ ಮುಂಭಾಗ. ಮೂರು ಅಂತಸ್ತಿನ ಬೂದುಗಲ್ಲಿನ ಕಟ್ಟಡ, ಸಾಲು ಕಮಾನುಗಳು, ಮೂಲೆಗಳಲ್ಲಿ ನಸುಗೆಂಪು ಗುಮ್ಮಟ, ನಡುವೆ ಚಿನ್ನದ ಬಣ್ಣದ ಗುಮ್ಮಟ ಹೊತ್ತ ಎತ್ತರದ ಗೋಪುರ.’ ಪ್ರವಾಸೋದ್ಯಮದ ಪಾಠಕ್ಕೆ ಇಷ್ಟು ಸಾಕು: ‘ದಸರಾ ಸಮಯದಲ್ಲಿ ದೀಪಾಲಂಕಾರದಿಂದ ಬೆಳಗುತ್ತಿರುವ ಅರಮನೆ, ಮುಂದಿನ ಅಂಗಳದಲ್ಲಿ ಕಿಕ್ಕಿರಿದ ಜನ.’ ಇತಿಹಾಸದ ತರಗತಿಯಲ್ಲಿ, 1897ರಲ್ಲಿ ಹಳೆಯ ಅರಮನೆ ಸುಟ್ಟದ್ದು, ಹೆನ್ರಿ ಇರ್ವಿನ್ ವಿನ್ಯಾಸದಲ್ಲಿ 1912ರ ಹೊತ್ತಿಗೆ ಹೊಸದು ಎದ್ದದ್ದು ಸ್ಲೈಡಿನ ಮೈಯಲ್ಲೇ ಬರೆದಿರುತ್ತದೆ. ಆಗ ಚಿತ್ರಕ್ಕೆ ‘ಇಂದಿನ ಅರಮನೆಯ ಮುಂಭಾಗ’ ಎಂದರೂ ನಡೆಯುತ್ತದೆ. ಸ್ಲೈಡಿನಲ್ಲಿ ಇರುವುದನ್ನೇ ವಿವರಣೆಯಲ್ಲಿ ಮತ್ತೊಮ್ಮೆ ಹೇಳಿದರೆ ಕೇಳುವವರಿಗೆ ಎರಡೆರಡು ಸಲದ ಶಿಕ್ಷೆ.

‘ಇದು ಒಂದು ಚಿತ್ರ’ ಎಂದು ಶುರು ಮಾಡಬೇಡಿ, ಚಿತ್ರವೆಂದು ಸ್ಕ್ರೀನ್ ರೀಡರ್ ಆಗಲೇ ಹೇಳಿರುತ್ತದೆ. ಮೂಲೆಯ ಹೂಬಳ್ಳಿ, ಅಂದಕ್ಕೆ ಎಳೆದ ಗೆರೆಗಳಿಗೆ ವಿವರಣೆ ಬೇಡ. ‘ಮಾರ್ಕ್ ಆ್ಯಸ್ ಡೆಕೊರೇಟಿವ್’ ಎಂಬಲ್ಲಿ ಗುರುತು ಹಾಕಿದರೆ ಸ್ಕ್ರೀನ್ ರೀಡರ್ ಅವನ್ನು ಬದಿಗಿಡುತ್ತದೆ. ಪುಸ್ತಕದ ಪುಟ, ಪತ್ರಿಕೆಯ ತುಣುಕು, ತಾಳೆಗರಿ ಮೊದಲಾದ ಅಕ್ಷರವುಳ್ಳ ಚಿತ್ರವಾದರೆ, ಪಾಠಕ್ಕೆ ಬೇಕಾದಷ್ಟು ಸಾಲನ್ನು ಟೈಪಿಸಿಯೇ ಕೊಡಬೇಕು. ಚಿತ್ರವನ್ನು ಗೂಗಲ್ ಡ್ರೈವಿಗೆ ಏರಿಸಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಮುದ್ರಿತ ಕನ್ನಡ ಅಕ್ಷರವಾಗಿ ಸಿಗುತ್ತದೆ. ತಪ್ಪು ತಿದ್ದಿಕೊಳ್ಳುವ ಕೆಲಸ ಮಾತ್ರ ನಿಮ್ಮದು.

ವಿವರಣೆ ಉದ್ದವಾಗಲೇಬೇಕಾದ ಚಿತ್ರಗಳೂ ಇರುತ್ತವೆ. ಹೃದಯದ ರಚನೆಯನ್ನು ಎರಡು ವಾಕ್ಯದಲ್ಲಿ ಹೇಳಿ ಮುಗಿಸಲಾದೀತೇ? ಅಂಥದ್ದನ್ನು ಸ್ಲೈಡಿನ ಕೆಳಗಿರುವ ‘ನೋಟ್ಸ್’ ಭಾಗದಲ್ಲಿ ವಿಸ್ತಾರವಾಗಿ ಬರೆದು, ಆಲ್ಟ್ ಟೆಕ್ಸ್ಟ್‌ನಲ್ಲಿ ‘ವಿವರ ನೋಟ್ಸ್‌ನಲ್ಲಿದೆ’ ಎಂದು ಸೂಚಿಸಿ. ನೋಟ್ಸ್ ಬರೆಯುವ ಅಭ್ಯಾಸ ಕಣ್ಣು ಕಾಣುವ ವಿದ್ಯಾರ್ಥಿಗಳಿಗೂ ವರವೇ, ತರಗತಿ ತಪ್ಪಿಸಿಕೊಂಡವರಿಗಂತೂ ಹೇಳುವುದೇ ಬೇಡ.

5. ಗ್ರಾಫು, ಕೋಷ್ಟಕ, ಸಮೀಕರಣ

ಗ್ರಾಫಿನ ವಿವರಣೆಯೆಂದರೆ ಅದು ಹೇಳುವ ಸುದ್ದಿ. ಕೆಆರ್‌ಎಸ್ ಜಲಾಶಯದ ಮಟ್ಟದ ಗ್ರಾಫು ಹಾಕಿದ್ದೀರಿ ಎಂದುಕೊಳ್ಳಿ. ‘ಕೆಆರ್‌ಎಸ್ ನೀರಿನ ಮಟ್ಟದ ಗ್ರಾಫ್’ ಎಂದಷ್ಟೇ ಬರೆದರೆ ಕೇಳುವವರಿಗೆ ಏನೂ ಸಿಗಲಿಲ್ಲ. ‘ಜೂನ್‌ನಲ್ಲಿ ತಳದಲ್ಲಿದ್ದ ಮಟ್ಟ ಜುಲೈನಲ್ಲಿ ಕಡಿದಾಗಿ ಏರಿ, ಆಗಸ್ಟ್‌ನಲ್ಲಿ ಗರಿಷ್ಠ ಮಟ್ಟವಾದ 124.80 ಅಡಿ ಮುಟ್ಟಿ, ಅಕ್ಟೋಬರ್‌ವರೆಗೆ ಹಾಗೇ ನಿಂತಿದೆ’ ಎಂಬಂತೆ, ನಿಮ್ಮ ಗ್ರಾಫಿನಲ್ಲಿ ಇರುವುದನ್ನು ಹೇಳಿ. ಅಂಕಿಗಳೂ ಬೇಕಾದರೆ ಪಕ್ಕದ ಸ್ಲೈಡಿನಲ್ಲಿ ಕೋಷ್ಟಕ ಕೊಡಿ.

ಕೋಷ್ಟಕವನ್ನು ‘ಇನ್ಸರ್ಟ್ ಟೇಬಲ್’ನಿಂದಲೇ ಮಾಡಿ, ಎಕ್ಸೆಲ್‌ನ ಸ್ಕ್ರೀನ್‌ಶಾಟ್ ಅಂಟಿಸಬೇಡಿ. ‘ಹೆಡರ್ ರೋ’ ಗುರುತು ಇರಲಿ. ಹಾಗಿದ್ದರೆ ಮೊದಲ ಸಾಲು ತಲೆಬರಹಗಳ ಸಾಲು ಎಂಬುದು ತಂತ್ರಾಂಶಕ್ಕೆ ತಿಳಿಯುತ್ತದೆ, ಕೆಳಗಿನ ಒಂದು ಅಂಕಿ ಯಾವ ಕಂಬಸಾಲಿನದು ಎಂದು ಹೇಳಲು ಅದಕ್ಕೊಂದು ಆಧಾರ ಸಿಗುತ್ತದೆ. ಎರಡು ಮನೆಗಳನ್ನು ಸೇರಿಸಿ ಒಂದು ಮಾಡಿದ ಕಡೆ ಲೆಕ್ಕ ತಪ್ಪುತ್ತದೆ, ಆದಷ್ಟು ಬೇಡ. ಒಂದು ಸ್ಲೈಡಿಗೆ ಒಂದೇ ಸಣ್ಣ ಕೋಷ್ಟಕ ಸಾಕು. ಕಣ್ಣಿಗೂ ಅದೇ ಹಿತ.

ಸಮೀಕರಣವನ್ನು ಫೋಟೊ ತೆಗೆದು ಅಂಟಿಸಿದರೆ ಅದೂ ಇನ್ನೊಂದು ಮೂಕ ಚಿತ್ರ. ‘ಎ ವರ್ಗ ಕೂಡಿಸು ಬಿ ವರ್ಗ’ ಎಂದು ಬಾಯಲ್ಲಿ ಹೇಳುವಂತೆಯೇ ಆಲ್ಟ್ ಟೆಕ್ಸ್ಟ್‌ನಲ್ಲಿ ಬರೆಯಿರಿ.

6. ‘ಕೆಂಪಿನಲ್ಲಿರುವುದು ಪರೀಕ್ಷೆಗೆ ಬರುತ್ತದೆ’

ಈ ವಾಕ್ಯ ಹೇಳದ ಮೇಷ್ಟ್ರು ಕಡಿಮೆ. ಆದರೆ ಬಣ್ಣ ಕಿವಿಗೆ ಕೇಳಿಸುವುದಿಲ್ಲ. ಕೆಂಪು ಹಾಕುವುದಾದರೆ ಹಾಕಿ, ಪಕ್ಕದಲ್ಲಿ ‘ಮುಖ್ಯ’ ಎಂದೂ ಬರೆಯಿರಿ. ಬಣ್ಣಗುರುಡು ಇರುವವರಿಗೂ ಇದರಿಂದ ಉಪಕಾರ. ಸ್ಕ್ರೀನ್ ರೀಡರ್ ಬಳಸುವವರಲ್ಲಿ ಅಲ್ಪಸ್ವಲ್ಪ ದೃಷ್ಟಿ ಇರುವವರೂ ಇದ್ದಾರೆ. ಬಿಳಿಯ ಮೇಲೆ ಹಳದಿ, ಫೋಟೊದ ಮೇಲೆ ನೇರವಾಗಿ ಅಕ್ಷರ ಅವರಿಗೆ ಕಾಣುವುದಿಲ್ಲ. ಅಕ್ಷರ ಮತ್ತು ಹಿನ್ನೆಲೆಯ ಹೊಳಪಿನ ಅನುಪಾತ ಕನಿಷ್ಠ 4.5:1, ದೊಡ್ಡ ಅಕ್ಷರವಾದರೆ 3:1 ಇರಬೇಕೆಂಬುದು ಅಂತರರಾಷ್ಟ್ರೀಯ ಮಾನದಂಡ. ಅಳೆಯಲು ಉಚಿತ ಸಾಧನಗಳಿವೆ. ಅಳೆಯುವ ಪುರುಸೊತ್ತಿಲ್ಲದವರು ಕಡು ಹಿನ್ನೆಲೆಗೆ ಬಿಳಿ, ಬಿಳಿಗೆ ಕಪ್ಪು ಎಂದು ಇಟ್ಟುಕೊಂಡರೆ ಸೋಲುವುದಿಲ್ಲ.

7. ಕೊಂಡಿ, ಸಂಗೀತ, ಆನಿಮೇಷನ್

‘ಇಲ್ಲಿ ಕ್ಲಿಕ್ ಮಾಡಿ’ ಎಂಬ ಐದು ಕೊಂಡಿಗಳಿದ್ದರೆ ಯಾವುದು ಎಲ್ಲಿಗೆ ಹೋಗುತ್ತದೆಂದು ಕೇಳಿ ತಿಳಿಯಲಾಗದು. ‘ಕಳೆದ ವರ್ಷದ ಪ್ರಶ್ನೆಪತ್ರಿಕೆ’ ಎಂಬ ಮಾತಿಗೇ ಕೊಂಡಿ ಕಟ್ಟಿ. ತಾನೇ ಮೊಳಗುವ ಸಂಗೀತ ಬೇಡ, ಸ್ಕ್ರೀನ್ ರೀಡರಿನ ಧ್ವನಿ ಅದರಲ್ಲಿ ಮುಳುಗಿಹೋಗುತ್ತದೆ. ಇಂತಿಷ್ಟು ಸೆಕೆಂಡಿಗೆ ತಾನೇ ಮುಂದೆ ಹೋಗುವ ಸ್ಲೈಡೂ ಬೇಡ. ಒಂದರ ಮೇಲೊಂದು ಚಿತ್ರ ಪೇರಿಸಿ ಆನಿಮೇಷನ್‌ನಿಂದ ಒಂದೊಂದಾಗಿ ಮಾಯ ಮಾಡುವ ಚಮತ್ಕಾರವಿದ್ದರೆ ಅದನ್ನು ಬೇರೆಬೇರೆ ಸ್ಲೈಡಾಗಿ ಒಡೆಯಿರಿ.

8. ಕಳಿಸುವುದು ಯಾವ ರೂಪದಲ್ಲಿ?

ಪಿಪಿಟಿ ಫೈಲನ್ನೇ ಕಳಿಸಿ. ಯಾರಾದರೂ ತಿದ್ದಿಬಿಟ್ಟಾರು ಎಂಬ ಭಯಕ್ಕೆ ಪಿಡಿಎಫ್ ಮಾಡುವವರು ಬಹಳ. ಮಾಡಲೇಬೇಕಾದರೆ ‘ಪ್ರಿಂಟ್’ ಮೂಲಕ ಮಾಡಬೇಡಿ. ‘ಸೇವ್ ಆ್ಯಸ್’ನಲ್ಲಿ ಪಿಡಿಎಫ್ ಆರಿಸಿ, ‘ಆಪ್ಷನ್ಸ್’ ಒಳಗೆ ‘ಡಾಕ್ಯುಮೆಂಟ್ ಸ್ಟ್ರಕ್ಚರ್ ಟ್ಯಾಗ್ಸ್ ಫಾರ್ ಆಕ್ಸೆಸಿಬಿಲಿಟಿ’ಗೆ ಗುರುತು ಹಾಕಿ. ಪ್ರಿಂಟ್ ದಾರಿ ಹಿಡಿದರೆ ನೀವು ಪಟ್ಟ ಶ್ರಮವೆಲ್ಲ, ಶೀರ್ಷಿಕೆ, ಕ್ರಮ, ಚಿತ್ರದ ವಿವರಣೆ ಸಮೇತ, ದಾರಿಯಲ್ಲೇ ಉದುರಿಹೋಗುತ್ತದೆ.

ಕನ್ನಡಕ್ಕೆ ಇನ್ನೊಂದು ತೊಡಕಿದೆ. ಯೂನಿಕೋಡ್‌ನಲ್ಲೇ ಟೈಪಿಸಿದ್ದರೂ ಪಿಡಿಎಫ್‌ಗೆ ಹೋದಾಗ ಒತ್ತಕ್ಷರ, ಗುಣಿತಗಳು ಸ್ಥಾನ ತಪ್ಪುವುದುಂಟು. ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ, ಓದಿಸಿದರೆ ತೊದಲುತ್ತದೆ. ಪಿಡಿಎಫ್‌ನಿಂದ ಒಂದು ಸಾಲು ನಕಲು ಮಾಡಿ ನೋಟ್‌ಪ್ಯಾಡಿಗೆ ಹಾಕಿ ನೋಡಿದರೆ ತಿಳಿಯುತ್ತದೆ. ಅದಕ್ಕೇ ಪಿಡಿಎಫ್ ಜೊತೆಗೆ ಮೂಲ ಫೈಲನ್ನೂ ಕಳಿಸಿ ಎನ್ನುವುದು.

ಮಾಮೂಲಿ ತಪ್ಪುಗಳು

ಅನುಸ್ವಾರದ ಬದಲು ಕನ್ನಡದ ಸೊನ್ನೆ. ‘ಕಂಪ್ಯೂಟರ್’ ಎಂದು ಬರೆಯುವಾಗ ಅನುಸ್ವಾರವಿರಬೇಕಾದ ಕಡೆ ಸೊನ್ನೆಯ ಅಂಕಿ ಟೈಪಿಸುವವರು ಎಷ್ಟೋ ಜನ. ಎರಡೂ ಒಂದೇ ಥರ ದುಂಡಗೆ ಕಾಣುತ್ತವೆ, ಪ್ರೂಫ್ ನೋಡುವವರ ಕಣ್ಣಿಗೂ ಬೀಳುವುದಿಲ್ಲ. ಸ್ಕ್ರೀನ್ ರೀಡರ್ ಮಾತ್ರ ಪದದ ನಡುವೆ ಅಂಕಿ ಕಂಡು ಪದವನ್ನೇ ಮುರಿದುಬಿಡುತ್ತದೆ. ‘ಫೈಂಡ್’ನಲ್ಲಿ ಕನ್ನಡದ ಸೊನ್ನೆಯನ್ನು ಹುಡುಕಿದರೆ ಎಲ್ಲ ಸಿಕ್ಕಿಬೀಳುತ್ತವೆ.

ಅಕ್ಷರಗಳ ನಡುವೆ ಜಾಗ. ಶೀರ್ಷಿಕೆ ಅಗಲವಾಗಿ ಕಾಣಲೆಂದು ‘ಪ ರಿ ಚ ಯ’ ಎಂದು ಬಿಡಿಸಿ ಬರೆದರೆ ನಾಲ್ಕು ಬಿಡಿ ಅಕ್ಷರ ಕೇಳಿಸುತ್ತದೆ. ಅಂತರ ಬೇಕಾದರೆ ‘ಕ್ಯಾರೆಕ್ಟರ್ ಸ್ಪೇಸಿಂಗ್’ ಬಳಸಿ. ಸಾಲು ತುಂಬಿಸಲು ನಕ್ಷತ್ರ, ಚುಕ್ಕಿಗಳ ಮಾಲೆ ಹಾಕುವುದೂ ಇದೇ ಬಗೆ.

ತಂತ್ರಾಂಶವೇ ಬರೆದುಕೊಟ್ಟ ಚಿತ್ರವಿವರಣೆಯನ್ನು ಹಾಗೇ ಬಿಡುವುದು. ಅದು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಅರಮನೆಗೆ ‘ದೊಡ್ಡ ಕಟ್ಟಡ’ ಎಂದೂ ಕುವೆಂಪು ಅವರ ಭಾವಚಿತ್ರಕ್ಕೆ ‘ಒಬ್ಬ ವ್ಯಕ್ತಿ’ ಎಂದೂ ಹೇಳಿ ಕೈತೊಳೆದುಕೊಂಡರೆ ಆಶ್ಚರ್ಯವಿಲ್ಲ.

ಕ್ಯಾನ್ವಾದಂಥ ಕಡೆ ಮಾಡಿದ ವಿನ್ಯಾಸವನ್ನು ಚಿತ್ರವಾಗಿ ಇಳಿಸಿಕೊಂಡು ಸ್ಲೈಡಿಗೆ ಅಂಟಿಸುವುದು. ಅಂದ ಸೊಗಸಾಗಿರುತ್ತದೆ, ಒಳಗೆ ಒಂದಕ್ಷರವೂ ಇರುವುದಿಲ್ಲ. ತರಗತಿಯ ಪರದೆಯ ಫೋಟೊ ತೆಗೆದು ಗ್ರೂಪಿಗೆ ಹಾಕುವುದೂ ಇದರ ಅಣ್ಣನೇ.

ಪವರ್‌ಪಾಯಿಂಟಿನ ‘ಚೆಕ್ ಆಕ್ಸೆಸಿಬಿಲಿಟಿ’ ಹಸಿರು ನಿಶಾನೆ ಕೊಟ್ಟಿತೆಂದು ನೆಚ್ಚಿ ಕೂರುವುದು. ಖಂಡಿತ ಬಳಸಿ. ಶೀರ್ಷಿಕೆ ಇಲ್ಲದ ಸ್ಲೈಡು, ವಿವರಣೆ ಇಲ್ಲದ ಚಿತ್ರಗಳನ್ನು ಅದು ತಕ್ಷಣ ಹಿಡಿದುಕೊಡುತ್ತದೆ. ಆದರೆ ಆಲ್ಟ್ ಟೆಕ್ಸ್ಟ್ ಇದೆಯೇ ಎಂದು ನೋಡುತ್ತದೆಯೇ ಹೊರತು ಅದಕ್ಕೆ ಅರ್ಥವಿದೆಯೇ ಎಂದಲ್ಲ. ಹಳೆಯ ನುಡಿ ಫಾಂಟಿನ ಸಾಲು ಕನ್ನಡವೋ ಕಸವೋ ಅದಕ್ಕೆ ತಿಳಿಯದು.

ಒಮ್ಮೆ ಕೇಳಿ ನೋಡಿ

ಎನ್‌ವಿಡಿಎ ಇಳಿಸಿಕೊಳ್ಳಲು ದುಡ್ಡು ಕೊಡಬೇಕಿಲ್ಲ. ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವಿನಿಂದಲೇ ನಡೆಸುವ ಪ್ರತಿಯೂ ಆಗುತ್ತದೆ. ಅದರ ಸೆಟ್ಟಿಂಗ್ಸ್‌ನ ‘ಸ್ಪೀಚ್’ ಭಾಗದಲ್ಲಿ ಇಸ್ಪೀಕ್‌ನ ಕನ್ನಡ ಧ್ವನಿ ಆರಿಸಿ. ಯಂತ್ರದ ಕನ್ನಡವೇ, ಮೊದಲ ಬಾರಿಗೆ ಕೇಳುವವರಿಗೆ ನಗು ಬರಬಹುದು. ಕಿವಿ ಪಳಗಿದವರು ಅದನ್ನೇ ನಮಗೆ ಹಿಂಬಾಲಿಸಲಾಗದ ವೇಗದಲ್ಲಿ ಓದಿಸಿಕೊಂಡು ಪರೀಕ್ಷೆ ಪಾಸಾಗುತ್ತಾರೆ.

ಸ್ಲೈಡು ತೆರೆದು ಟ್ಯಾಬ್ ಕೀಲಿ ಒತ್ತುತ್ತ ಹೋಗಿ, ಒಂದೊಂದು ವಸ್ತುವೂ ಯಾವ ಕ್ರಮದಲ್ಲಿ ಕೇಳಿಸುತ್ತದೆ ಗಮನಿಸಿ. ಎಫ್5 ಒತ್ತಿ ಪ್ರದರ್ಶನಕ್ಕೆ ಹೋದ ಮೇಲೆ ಇನ್ಸರ್ಟ್ ಜೊತೆ ಕೆಳಬಾಣ ಒತ್ತಿದರೆ ಇಡೀ ಸ್ಲೈಡು ಓದುತ್ತದೆ. ಕಂಟ್ರೋಲ್, ಶಿಫ್ಟ್, ಎಸ್ ಒತ್ತಿದರೆ ನೋಟ್ಸ್ ಕಡೆಗೆ ಹೊರಳುತ್ತದೆ. ಬಾಯಿ ಮುಚ್ಚಿಸಲು ಕಂಟ್ರೋಲ್, ನಿಲ್ಲಿಸಿ ಹೊರಬರಲು ಇನ್ಸರ್ಟ್ ಮತ್ತು ಕ್ಯೂ. ಪರದೆ ನೋಡದೆ ಕೇಳಿ, ನೋಡುತ್ತ ಕೇಳಿದರೆ ತಪ್ಪನ್ನು ಕಣ್ಣೇ ತುಂಬಿಕೊಟ್ಟುಬಿಡುತ್ತದೆ. ನಿಮ್ಮ ತರಗತಿಯಲ್ಲೇ ಸ್ಕ್ರೀನ್ ರೀಡರ್ ಬಳಸುವವರಿದ್ದರೆ ಒಂದು ಫೈಲು ಅವರಿಗೆ ಕೊಟ್ಟು ಎಲ್ಲಿ ತೊಡಕಾಯಿತೆಂದು ಕೇಳುವುದು ಎಲ್ಲಕ್ಕಿಂತ ಒಳ್ಳೆಯದು. ಆದರೆ ಅವರನ್ನೇ ನಿಮ್ಮ ಕಾಯಂ ಪ್ರೂಫ್ ರೀಡರ್ ಮಾಡಿಕೊಳ್ಳಬೇಡಿ.

ವೇದಿಕೆಯ ಮೇಲೆ

ಫೈಲು ಎಷ್ಟೇ ಸರಿಯಿದ್ದರೂ ಸಭಾಂಗಣದ ಗೋಡೆಯ ಮೇಲೆ ಬೀಳುವ ಸ್ಲೈಡನ್ನು ಯಾವ ಸ್ಕ್ರೀನ್ ರೀಡರೂ ಓದಲಾರದು. ಝೂಮ್, ಮೀಟ್‌ಗಳಲ್ಲಿ ‘ಸ್ಕ್ರೀನ್ ಶೇರ್’ ಮಾಡಿದಾಗಲೂ ಅಷ್ಟೇ. ಎದುರಿನವರಿಗೆ ಹೋಗುವುದು ಬರಿಯ ವಿಡಿಯೊ, ಅದರಲ್ಲಿ ಅಕ್ಷರಗಳಿಲ್ಲ. ಆದ್ದರಿಂದ ಫೈಲನ್ನು ಹಿಂದಿನ ದಿನವೇ ಕಳಿಸಿ. ಅವರು ಒಂದು ಕಿವಿಗೆ ಇಯರ್‌ಫೋನು ಹಾಕಿಕೊಂಡು ತಮ್ಮ ಫೋನಿನಲ್ಲಿ ಜೊತೆಜೊತೆಗೇ ಸಾಗಬಹುದು. ಸ್ಲೈಡು ಬದಲಾದಾಗಲೆಲ್ಲ ‘ಸ್ಲೈಡ್ ಹನ್ನೆರಡು, ದರ್ಬಾರು’ ಎಂದು ಬಾಯಲ್ಲಿ ಹೇಳಿ. ‘ಇದು ಇಷ್ಟಿದೆ, ಅದು ಅಷ್ಟಿದೆ, ಇಲ್ಲಿಂದ ಇಲ್ಲಿಗೆ ಬಂದಿದೆ ನೋಡಿ’ ಎಂದು ಕೋಲು ತೋರಿಸುವ ಬದಲು ‘2011ರ ಕಂಬ 2001ರದ್ದಕ್ಕಿಂತ ಎತ್ತರವಿದೆ’ ಎನ್ನಿ. ಹಿಂದಿನ ಬೆಂಚಿನಲ್ಲಿ ಕೂತು ಪರದೆ ಕಾಣದವರಿಗೂ ಪಾಠ ಅರ್ಥವಾಗುತ್ತದೆ.

ಹಳೆಯ ಸ್ಲೈಡುಗಳನ್ನೇನು ಮಾಡುವುದು?

ಹತ್ತು ವರ್ಷದ ಪಿಪಿಟಿಗಳನ್ನೆಲ್ಲ ಕೂತು ತಿದ್ದಿ ಎಂದರೆ ಯಾರೂ ಮಾಡುವುದಿಲ್ಲ, ಮಾಡಲೂ ಬೇಕಿಲ್ಲ. ಈ ಸೆಮಿಸ್ಟರಿನಲ್ಲಿ ಪಾಠ ಮಾಡುವಷ್ಟನ್ನು ಮಾತ್ರ, ಮಾಡುವ ವಾರವೇ ತೆಗೆದುಕೊಳ್ಳಿ. ಮೊದಲು ಫಾಂಟು ಯೂನಿಕೋಡಿಗೆ ಬರಲಿ, ಅದಾಗದೆ ಉಳಿದದ್ದು ಮಾಡಿ ಪ್ರಯೋಜನವಿಲ್ಲ. ಆಮೇಲೆ ಶೀರ್ಷಿಕೆಗಳು, ನಂತರ ಓದುವ ಕ್ರಮ. ಚಿತ್ರಗಳಲ್ಲಿ ಪಾಠಕ್ಕೆ ಅಗತ್ಯವಾದವಕ್ಕೆ ವಿವರಣೆ ಬರೆದು, ಅಂದಕ್ಕೆಂದು ಹಾಕಿದವನ್ನು ಡೆಕೊರೇಟಿವ್ ಎಂದು ಗುರುತಿಸಿ, ಅಥವಾ ತೆಗೆದೇಬಿಡಿ. ಅಷ್ಟಕ್ಕೂ ಪುರುಸೊತ್ತಾಗದ ವಾರದಲ್ಲಿ ಸ್ಲೈಡಿನ ಮಾತುಗಳನ್ನೆಲ್ಲ ಯೂನಿಕೋಡ್‌ನಲ್ಲಿ ಒಂದು ವರ್ಡ್ ಫೈಲಿಗೆ ಹಾಕಿ, ಅದನ್ನೂ ಪಿಪಿಟಿಯ ಜೊತೆ ಗ್ರೂಪಿಗೆ ಕಳಿಸಿ.